ಸಬಾ, ಇದು ಎಷ್ಟನೇ ಸಲ?

ಜೆರುಸಲೇಮಿನಲ್ಲಿ ಶುಕ್ರವಾರ ಸಂಜೆ, ಸೂರ್ಯ ಮುಳುಗಲು 40 ನಿಮಿಷ ಇರುವಾಗ ಸೈರನ್ ಕೂಗುತ್ತದೆ. ಅಲ್ಲಿಂದ ಮರುದಿನ ರಾತ್ರಿ ನಕ್ಷತ್ರ ಕಾಣುವವರೆಗೆ ಶಬ್ಬಾತ್, ಯೆಹೂದಿಗಳ ವಾರದ ವಿಶ್ರಾಂತಿಯ ದಿನ. ಸ್ವಿಚ್ ಮುಟ್ಟುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಫೋನಿಲ್ಲ, ಕಾರಿಲ್ಲ. ನಾನಿದ್ದ ಮನೆಯಲ್ಲಿ ಆ ಸೈರನ್ ಕೇಳಿ ಎಲ್ಲರ ಮುಖ ಅರಳಿದರೆ, 15 ವರ್ಷದ ಮೊಮ್ಮಗನ ಮುಖ ಮಾತ್ರ ಬಾಡುತ್ತಿತ್ತು.

ನಾನು ಕಾರ್ಕಳದವನು. ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲಿಗೆ ಕೇರ್‌ಗಿವರ್ ಕೆಲಸಕ್ಕೆ ಹೋದ ಬಹಳಷ್ಟು ಜನರಲ್ಲಿ ಒಬ್ಬ. ನಾನು ನೋಡಿಕೊಳ್ಳುತ್ತಿದ್ದುದು ಪಾರ್ಶ್ವವಾಯು ಹೊಡೆದು ವೀಲ್‌ಚೇರಿಗೆ ಬಂದಿದ್ದ ಒಬ್ಬ ಅಜ್ಜನನ್ನು. ಹೀಬ್ರೂನಲ್ಲಿ ಅಜ್ಜನಿಗೆ ಸಬಾ ಅನ್ನುತ್ತಾರೆ. ಮೊದಲು ಯೆಶಿವಾದಲ್ಲಿ, ಅಂದರೆ ಅವರ ಧರ್ಮಪಾಠಶಾಲೆಯಲ್ಲಿ, ಮೇಷ್ಟ್ರಾಗಿದ್ದವರು.

ಹುಡುಗನಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಎರಡು ಯೆಶಿವಾಗಳು ಅವನನ್ನು ಮನೆಗೆ ಕಳಿಸಿದ್ದವು. ಅಲ್ಲಿ ಹುಡುಗರು ಬೆಳಿಗ್ಗೆ ಪ್ರಾರ್ಥನೆಯಿಂದ ಹಿಡಿದು ರಾತ್ರಿಯವರೆಗೆ ಓದುವುದು ಮುಖ್ಯವಾಗಿ ಗೆಮಾರಾ, ಅಂದರೆ ಧರ್ಮನಿಯಮಗಳ ಮೇಲಿನ ಹಳೆಯ ವಾದವಿವಾದಗಳ ಗ್ರಂಥ. ಆ ಪುಟವನ್ನು ನಾನು ನೋಡಿದ್ದೇನೆ. ಪೂರ್ಣವಿರಾಮವಿಲ್ಲ, ಸ್ವರಚಿಹ್ನೆಯಿಲ್ಲ, ಬಹುಪಾಲು ಅರಾಮಿಕ್ ಭಾಷೆ. ಒಬ್ಬ ರಬ್ಬಿಯ, ಅಂದರೆ ಧರ್ಮಗುರುವಿನ, ಮಾತು, ಅದಕ್ಕೆ ಇನ್ನೊಬ್ಬರ ಆಕ್ಷೇಪ, ಆಕ್ಷೇಪಕ್ಕೆ ಉತ್ತರ, ಉತ್ತರಕ್ಕೂ ಆಕ್ಷೇಪ. ಎಲ್ಲವನ್ನೂ ತಲೆಯಲ್ಲಿ ಹಿಡಿದಿಟ್ಟುಕೊಂಡು ಮುಂದೆ ಹೋಗಬೇಕು. ಒಂದು ಕೊಂಡಿ ತಪ್ಪಿದರೂ ಎಳೆಯೇ ಸಿಕ್ಕುವುದಿಲ್ಲ. ಈ ಹುಡುಗನಿಗೆ ಕೊಂಡಿ ತಪ್ಪುತ್ತಿತ್ತು. ತಪ್ಪಿದ್ದಕ್ಕೆ ಬೈಗುಳ, ಬೈಗುಳಕ್ಕೆ ಇವನ ಎದುರುಮಾತು, ಕೊನೆಗೆ ತರಗತಿಯ ಹೊರಗೆ. ಮನೆಯವರು ವಿಷಯವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಾಳೆ ಇವನಿಗೂ ಇವನ ಅಕ್ಕಂದಿರಿಗೂ ಸಂಬಂಧ ಕೂಡಿಬರಬೇಕಲ್ಲ ಅನ್ನುವ ಭಯ. ಆ ಭಯವನ್ನು ಅರ್ಥ ಮಾಡಿಕೊಳ್ಳಲು ನಮ್ಮೂರಿನವನಾದ ನನಗೆ ಹೀಬ್ರೂ ಬೇಕಿರಲಿಲ್ಲ.

2018ರ ಚಳಿಗಾಲದ ಒಂದು ಶುಕ್ರವಾರ. ಹುಡುಗ ಬೆಳಿಗ್ಗೆ ನುಂಗಿದ ಮಾತ್ರೆಯ ಪ್ರಭಾವ ಇಳಿದಾಗಿತ್ತು. ಎದುರಿಗೆ ಎರಡು ತಾಸಿನ ಊಟ, ಹಾಡು, ಧರ್ಮಚರ್ಚೆ. ಅವನ ಬೆರಳುಗಳು ಅಂಗಿಯಂಚಿನ ತ್ಸಿತ್ಸಿತ್ ಎಂಬ ಧಾರ್ಮಿಕ ದಾರಗಳನ್ನು ಬಿಚ್ಚುತ್ತಿದ್ದವು. ಅವನ ದಾರಗಳ ತುದಿ ಯಾವಾಗಲೂ ಒದ್ದೆ, ಕಚ್ಚಿ ಕಚ್ಚಿ ಬತ್ತಿಯ ಹಾಗೆ ಹಿಂಜಿರುತ್ತಿದ್ದವು. ಮೂರು ಸಲ ಎದ್ದ, ಮೂರು ಸಲವೂ ಅಪ್ಪ ಕೂರಿಸಿದರು. ನಾಲ್ಕನೇ ಸಲ ಗೋಡೆಗೆ ಒರಗಿ ನಿಂತ. ಶಬ್ಬಾತ್‌ನಲ್ಲಿ ಯಾರೂ ಮರೆತು ಮುಟ್ಟಬಾರದೆಂದು ಸ್ವಿಚ್‌ಗೆ ಹಾಕಿದ್ದ ಪ್ಲಾಸ್ಟಿಕ್ ಕವರ್ ಅವನ ಕೈಗೆ ಬಂತು. ಟಕ್ ಎಂದಿತು. ಕೋಣೆ ಕತ್ತಲಾಯಿತು.

ಮೇಣದ ಬತ್ತಿಗಳ ಬೆಳಕಿನಲ್ಲಿ ಯಾರೂ ಉಸಿರೆತ್ತಲಿಲ್ಲ. "ಬೇಕಂತ ಮಾಡಿಲ್ಲ!" ಎಂದು ಕಿರುಚಿ, ಕುರ್ಚಿ ಒದ್ದು ಹೊರಗೆ ಓಡಿದ. ಅವನು ಬೇಕಂತ ಮಾಡಿರಲಿಲ್ಲ. ಪಕ್ಕದಲ್ಲೇ ಇದ್ದ ನಾನು ನೋಡಿದ್ದೆ. ಮನಸ್ಸು ಬೇಡ ಅನ್ನುವಷ್ಟರಲ್ಲಿ ಕೈ ಮಾಡಿ ಮುಗಿಸಿರುತ್ತದೆ. ಅದೇ ಅವನ ಕಾಯಿಲೆ.

ದೀಪ ಹಾಕು ಎಂದು ಯೆಹೂದಿಯಲ್ಲದ ನನಗೆ ಅವರು ಸುಮ್ಮನೆ ಹೇಳುವಂತಿಲ್ಲ, ಕಾಯಿಲೆಯವರ ಸಲುವಾಗಿಯಾದರೆ ಹೇಳಬಹುದು. ಯಾರೂ ಹೇಳಲಿಲ್ಲ. ಸಬಾಗೆ ಮಾತ್ರೆ ಕೊಡಬೇಕಿತ್ತು, ನಾನೇ ಎದ್ದು ದೀಪ ಹಾಕಿದೆ.

ಹುಡುಗ ಮೆಟ್ಟಿಲ ಮೇಲೆ ದಾರ ಕಚ್ಚುತ್ತ ಕೂತಿದ್ದ. ನಾನು ಎರಡು ಮೆಟ್ಟಿಲು ಕೆಳಗೆ ಕೂತೆ. ಬುದ್ಧಿ ಹೇಳಲಿಲ್ಲ. ಅಷ್ಟು ದಿನದಲ್ಲಿ ನಾನು ಕಂಡುಕೊಂಡಿದ್ದು ಇಷ್ಟೇ: ಅವನಿಗೆ ಒಂದು ಸಲಕ್ಕೆ ಒಂದೇ ಮಾತು, ಅದೂ ಕೈಕಾಲಿಗೆ ಕೆಲಸ ಕೊಡುವ ಮಾತು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಸೊಂಟ ನೋಯ್ತಿದೆ. ಸಬಾನ ಕುರ್ಚಿ ತಳ್ಳು ಬಾ" ಅಂದೆ. ಬಂದ.

ಮನೆಯ ಉದ್ದನೆಯ ಪಡಸಾಲೆಯಲ್ಲಿ ಅವನು ತಳ್ಳುತ್ತ ಹೋದ, ಬಂದ. ಸಬಾ ತೊದಲುವ ನಾಲಗೆಯಲ್ಲಿ ಗೆಮಾರಾದ ಎರುವಿನ್ ಭಾಗದ 54ನೇ ಹಾಳೆಯ ಕಥೆ ಶುರು ಮಾಡಿದರು. ರಬ್ಬಿ ಪ್ರೇದಾಗೆ ಒಬ್ಬ ಶಿಷ್ಯ. ಪ್ರತಿ ಪಾಠವನ್ನೂ 400 ಸಲ ಹೇಳಿಕೊಟ್ಟರೆ ಅವನಿಗೆ ಹತ್ತುತ್ತಿತ್ತು. ಒಂದು ದಿನ ಗುರುಗಳನ್ನು ಯಾವುದೋ ಪುಣ್ಯದ ಕೆಲಸಕ್ಕೆ ಕರೆದರು. ಆ ದಿನ 400 ಸಲ ಹೇಳಿದರೂ ಹತ್ತಲಿಲ್ಲ. ಯಾಕೆಂದು ಕೇಳಿದರೆ ಶಿಷ್ಯ, "ಈಗ ಏಳುತ್ತೀರಿ, ಈಗ ಏಳುತ್ತೀರಿ ಅಂತಲೇ ಮನಸ್ಸು ಓಡುತ್ತಿತ್ತು" ಅಂದ. ಗುರು, "ಮನಸ್ಸು ಇಲ್ಲಿಡು, ಕಲಿಸುತ್ತೇನೆ" ಎಂದು ಮತ್ತೆ 400 ಸಲ ಹೇಳಿದರು.

"ಶಿಷ್ಯನ ಹೆಸರೇನು?" ಹುಡುಗ ಕೇಳಿದ.

"ಗೆಮಾರಾ ಹೇಳಿಲ್ಲ."

ಕುರ್ಚಿ ಇನ್ನೊಂದು ಸುತ್ತು ಹೋಗಿಬಂತು. ಆಮೇಲೆ ಸಬಾ ನಿಧಾನವಾಗಿ, "ನನ್ನ ತರಗತಿಯಲ್ಲೂ ಅಂಥವರಿದ್ದರು ಮಗು. ಹೊರಗೆ ಕಳಿಸುತ್ತಿದ್ದೆ" ಅಂದರು. ಅವರ ಕಣ್ಣು ಒರೆಸಲು ನಾನು ಬಗ್ಗಿದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ತಲೆ ತಗ್ಗಿಸಿ ಒಳಗೆ ಹೋದರು.

ಮುಂದಿನ ವಾರ ಅಪ್ಪನೇ ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಧ್ಯಾಹ್ನಕ್ಕೂ ಒಂದು ಚಿಕ್ಕ ಮಾತ್ರೆ ಸೇರಿತು. ಶಬ್ಬಾತ್ ದಿನ ನುಂಗಬಹುದೇ ಎಂದು ರಬ್ಬಿಯನ್ನು ಕೇಳಿ ಒಪ್ಪಿಗೆ ತಂದರು. ಗೆಮಾರಾವನ್ನು ಜೋಡಿಯಾಗಿ, ಜೋರಾಗಿ, ತೂಗಾಡುತ್ತ ಓದುವ ಪದ್ಧತಿ ಅವರಲ್ಲಿ ಹಿಂದಿನಿಂದಲೂ ಇದೆ. ಆ ಜೊತೆಗಾರನನ್ನು ಹವ್ರೂತಾ ಅನ್ನುತ್ತಾರೆ. ಸಬಾ ಮೊಮ್ಮಗನಿಗೆ ಹವ್ರೂತಾ ಆದರು. ಹುಡುಗ ಕುರ್ಚಿ ತಳ್ಳುತ್ತ ಕೂಗಿ ಹೇಳುವುದು, ಅವನು ತಪ್ಪಿದಲ್ಲಿ ಅಜ್ಜ ಕೈ ಎತ್ತುವುದು. ಪಡಸಾಲೆಯ ಟೈಲ್ಸ್ ಮೇಲೆ ರಬ್ಬರ್ ಚಕ್ರದ ಎರಡು ಕಪ್ಪು ಗೆರೆಗಳು ಮೂಡಿದವು. ನಾನು ಉಜ್ಜಲು ಹೋದರೆ ಅವನ ಅಮ್ಮ, ಇರಲಿ ಬಿಡು ಅಂದರು.

ಸಿಟ್ಟು ಬಂದ ದಿನಗಳು ಆಮೇಲೂ ಇದ್ದವು. ಒಂದು ಸಂಜೆ ಪುಸ್ತಕ ಎಸೆದ. ಅಜ್ಜ ಕಾದರು. ಹುಡುಗ ತಾನೇ ಎತ್ತಿಕೊಂಡು, ಮುತ್ತಿಟ್ಟು, ಕುರ್ಚಿಯ ಹಿಡಿ ಹಿಡಿದ.

"ಸಬಾ, ಇದು ಎಷ್ಟನೇ ಸಲ?"

"ಹನ್ನೊಂದು," ಅಂದರು ಸಬಾ. "ತಳ್ಳು."