ಟರ್ಬೊ ಇಲ್ಲದ ಸಿಟಿ ವೀಟೆಕ್‌ಗೆ ಪವರ್ ಎಲ್ಲಿಂದ ಬರುತ್ತದೆ

ಎರಡು ಸಾವಿರದ ಆಸುಪಾಸಿನಲ್ಲಿ ನಮ್ಮ ರಸ್ತೆಗೆ ಬಂದ ಹೋಂಡಾ ಸಿಟಿ 1.5 ವೀಟೆಕ್ ಕಾರನ್ನು ಇವತ್ತಿಗೂ ಹುಡುಕಿ ಕೊಳ್ಳುವವರಿದ್ದಾರೆ. ಮೇಲಿನ ಆರ್‌ಪಿಎಂನಲ್ಲಿ ವಾಲ್ವ್‌ಗಳನ್ನು ಹೆಚ್ಚು ತೆರೆಯುವ ಹೋಂಡಾ ವ್ಯವಸ್ಥೆಯೇ ವೀಟೆಕ್. 1493 ಸಿಸಿ, 16 ವಾಲ್ವ್, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಒಂದೇ, 6800 ಆರ್‌ಪಿಎಂನಲ್ಲಿ 106 ಪಿಎಸ್. ಅಷ್ಟು ಹಗುರ ಗಾಡಿಗೆ ಇದು ಒಳ್ಳೆಯ ಪವರ್. ಕೊಂಡ ಮೊದಲ ತಿಂಗಳಲ್ಲೇ ಬಹಳ ಜನ ಮಾಡುವ ಕೆಲಸ ಎರಡು: ಬಾನೆಟ್ ಒಳಗೊಂದು ಕೋನ್ ಫಿಲ್ಟರ್, ಹಿಂದೆ ಎರಡೂವರೆ ಇಂಚಿನ ಪೈಪ್. ಸದ್ದು ಏರುತ್ತದೆ, ಪಿಕಪ್ ಇಳಿಯುತ್ತದೆ. ಯಾಕೆ ಎಂಬುದಕ್ಕೆ ಲೆಕ್ಕವಿದೆ.

ಟಾರ್ಕನ್ನು, ಅಂದರೆ ಎಂಜಿನ್ನಿನ ತಿರುಗಿಸುವ ಬಲವನ್ನು, ಕೆಜಿ-ಮೀಟರ್‌ನಲ್ಲಿ ತೆಗೆದುಕೊಂಡು ಆರ್‌ಪಿಎಂನಿಂದ ಗುಣಿಸಿ 716ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ. 6800ರಲ್ಲಿ 106 ಪಿಎಸ್ ಎಂದರೆ ಆ ಹೊತ್ತಿಗೆ ಎಂಜಿನ್ ಕೊಡುತ್ತಿರುವ ಟಾರ್ಕ್ ಸುಮಾರು 11.2. ಇದೇ ಟಾರ್ಕನ್ನು 7400ರವರೆಗೆ ಬೀಳದಂತೆ ಹಿಡಿದರೆ 115 ಪಿಎಸ್ ದಾಟುತ್ತದೆ. ಅಲ್ಲಿ 12ಕ್ಕೆ ಏರಿಸಿದರೆ 124. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಹಾಗಾಗಿ ಟಾರ್ಕನ್ನೇ ಎತ್ತಿಬಿಡುತ್ತದೆ. ತಾನೇ ಉಸಿರೆಳೆಯುವ ಎಂಜಿನ್‌ಗೆ ಆ ಅನುಕೂಲವಿಲ್ಲ. ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟದಂತೆ ನೋಡಿಕೊಳ್ಳುವುದೇ ಇಲ್ಲಿನ ಟ್ಯೂನಿಂಗ್. ಹಾಗಾಗಿ ಮೊದಲು ಒಂದು ಆರ್‌ಪಿಎಂ ಗುರಿ ಇಟ್ಟುಕೊಳ್ಳಿ. ಫಿಲ್ಟರ್, ಹೆಡರ್ (ಎಂಜಿನ್ನಿನಿಂದ ಹೊಗೆ ಹೊರತರುವ ಪೈಪುಗಳ ಗುಂಪು), ಕ್ಯಾಮ್, ಕಂಪ್ರೆಷನ್, ಎಲ್ಲವನ್ನೂ ಆ ಒಂದೇ ಗುರಿಗೆ ಆರಿಸಬೇಕು. ಒಂದು ಪಾರ್ಟ್ 5000ಕ್ಕೆ, ಇನ್ನೊಂದು 8000ಕ್ಕೆ ಆದರೆ ಎರಡೂ ದಂಡ.

ಈ ಎಂಜಿನ್‌ಗೆ ನನ್ನ ಗುರಿ 7400, ಅದರಾಚೆ ಬೇಡ. ಸ್ಟ್ರೋಕ್ 84.5 ಮಿ.ಮೀ. ಇರುವುದರಿಂದ 7400ರಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20.8 ಮೀಟರ್, 8000ರಲ್ಲಿ 22.5. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಬೋಲ್ಟಿನ ಮೇಲಿನ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಇಪ್ಪತ್ತು ವರ್ಷ ಓಡಿದ ಬೋಲ್ಟ್‌ಗಳನ್ನು ಒಳಗೇ ಬಿಟ್ಟು 8000 ಮುಟ್ಟಿಸುವುದು ತಪ್ಪು.

ಬೆಂಗಳೂರು, ಮೈಸೂರಿನವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು ಶೇ. 10 ಕಡಿಮೆ. ಮಂಗಳೂರಿನಲ್ಲಿ 106 ಪಿಎಸ್ ಕೊಡುವ ಎಂಜಿನ್ ಇಲ್ಲಿ 95ರ ಆಸುಪಾಸಿನಲ್ಲಿರುತ್ತದೆ. ಪವರ್ ಅಳೆಯುವ ಯಂತ್ರವಾದ ಡೈನೊದ ಶೀಟಿನಲ್ಲಿ ದೊಡ್ಡ ಸಂಖ್ಯೆ ಕಂಡರೆ, ಹವೆಗೆ ತಕ್ಕಂತೆ ಸಂಖ್ಯೆಯನ್ನು ತಿದ್ದುವ ಕರೆಕ್ಷನ್ ಫ್ಯಾಕ್ಟರ್ ಯಾವುದು ಎಂದು ಮೊದಲು ಕೇಳಿ. ಕೆಲಸಕ್ಕೆ ಮುಂಚೆ ಮತ್ತು ಆಮೇಲೆ ಒಂದೇ ಡೈನೊ, ಅದೇ ಗೇರ್, ಅದೇ ಟೈರ್ ಗಾಳಿ, ಅದೇ ಕರೆಕ್ಷನ್ ಇದ್ದರೆ ಮಾತ್ರ ಹೋಲಿಕೆಗೆ ಅರ್ಥ.

ಯಾವ ಪಾರ್ಟ್ ಕೊಳ್ಳುವ ಮುಂಚೆಯೂ ಎಂಜಿನ್ನಿನ ಆರೋಗ್ಯ ನೋಡಿ. ಕಂಪ್ರೆಷನ್ ಟೆಸ್ಟ್: ಎಂಜಿನ್ ಬಿಸಿ, ನಾಲ್ಕೂ ಪ್ಲಗ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಬ್ಯಾಟರಿ ಫುಲ್ ಚಾರ್ಜ್. ಇದೇ ಡಿ ಸರಣಿಯ ಸಿವಿಕ್ ಎಂಜಿನ್‌ಗಳಿಗೆ ಹೋಂಡಾ ಕೊಡುವ ಕನಿಷ್ಠ ಮಟ್ಟ 930 ಕಿಲೋಪಾಸ್ಕಲ್, ಅಂದರೆ 135 ಪಿಎಸ್‌ಐ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 200 ಕಿಲೋಪಾಸ್ಕಲ್ ಮೀರಬಾರದು. ಎತ್ತರದ ಊರಿನಲ್ಲಿ ಗೇಜ್ ಕೂಡ ಕಡಿಮೆಯೇ ತೋರಿಸುತ್ತದೆ. ಹಾಗಾಗಿ ಸಂಖ್ಯೆಗಿಂತ ನಾಲ್ಕರ ನಡುವಿನ ಅಂತರವನ್ನು ನಂಬಿ. ಒಂದು ಸಿಲಿಂಡರ್ ಕಡಿಮೆ ಬಂದರೆ ಒಂದು ಚಮಚ ಎಂಜಿನ್ ಆಯಿಲ್ ಒಳಗೆ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ಹೆಚ್ಚಾಗಿ ವಾಲ್ವ್.

ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಗ್ಯಾಪ್ ಹೊಂದಿಸುವುದು, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಆಗಬೇಕು. ಸಿವಿಕ್ ವೀಟೆಕ್‌ಗಳಲ್ಲಿ ಇನ್‌ಟೇಕ್ 0.18ರಿಂದ 0.22, ಎಕ್ಸಾಸ್ಟ್ 0.23ರಿಂದ 0.27 ಮಿ.ಮೀ. ನಿಮ್ಮ ಎಂಜಿನ್ನಿನ ಅಳತೆಯನ್ನು ಅದರ ಮ್ಯಾನ್ಯುಯಲ್‌ನಲ್ಲೇ ನೋಡಿಕೊಳ್ಳಿ. ಗ್ಯಾಪ್ ಹೆಚ್ಚಾದರೆ ಲಿಫ್ಟ್ ಹೋಗುತ್ತದೆ. ಗ್ಯಾಪ್ ಇಲ್ಲದಿದ್ದರೆ ಎಕ್ಸಾಸ್ಟ್ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ, ತಣ್ಣಗಾಗುವುದಿಲ್ಲ, ಕೊನೆಗೆ ಸುಡುತ್ತದೆ. ಕ್ರ್ಯಾಂಕ್ ತಿರುಗಿಸುವಾಗಲೂ ಎಚ್ಚರ: ಪುಲ್ಲಿ ಕಡೆಯಿಂದ ನೋಡಿದರೆ ಈ ಎಂಜಿನ್ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಅಭ್ಯಾಸಬಲದಿಂದ ಉಲ್ಟಾ ತಿರುಗಿಸಿದರೆ ಟೈಮಿಂಗ್ ಬೆಲ್ಟ್ ಸಡಿಲಾಗಿ ಹಲ್ಲು ಹಾರಬಹುದು.

ವೀಟೆಕ್‌ಗೆ ಆಯಿಲ್ ಬಿಡುವ ವಿದ್ಯುತ್ ವಾಲ್ವ್ ಆದ ಸಾಲಿನಾಯ್ಡ್ ಬಿಚ್ಚಿದರೆ ಕೆಳಗೆ ಸಣ್ಣ ಜಾಲರಿ ಇರುವ ಗ್ಯಾಸ್ಕೆಟ್ ಸಿಗುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಿ. ಆಯಿಲ್ ಬದಲಾವಣೆ ತಪ್ಪಿಸಿದ ಗಾಡಿಗಳಲ್ಲಿ ಅದು ಕಪ್ಪು ಜಿಡ್ಡಿನಿಂದ ಅರ್ಧ ಮುಚ್ಚಿರುತ್ತದೆ. ಆಯಿಲ್ ಒತ್ತಡ ಸಾಲದಿದ್ದರೆ ರಾಕರ್‌ಗಳನ್ನು ಒಂದಾಗಿಸುವ ಪಿನ್ನುಗಳು ಕೂಡಿಕೊಳ್ಳುವುದಿಲ್ಲ, ಕ್ಯಾಮಿನ ದೊಡ್ಡ ಉಬ್ಬು, ಅಂದರೆ ದೊಡ್ಡ ಲೋಬ್, ಕೆಲಸಕ್ಕೇ ಬರುವುದಿಲ್ಲ. "ವೀಟೆಕ್ ಹೊಡೆಯುತ್ತಿಲ್ಲ" ಎನ್ನುವ ಗಾಡಿಗಳಲ್ಲಿ ಎಷ್ಟೋ ಇಲ್ಲಿಗೇ ಸರಿಹೋಗುತ್ತವೆ.

ಈಗ ಎಕ್ಸಾಸ್ಟ್. ಫೈರಿಂಗ್ ಆರ್ಡರ್ 1-3-4-2. ನಾಲ್ಕು ಪೈಪ್ ಎರಡಾಗಿ, ಎರಡು ಒಂದಾಗುವ 4-2-1 ಹೆಡರ್ ಮಾಡಿಸುವಾಗ 1ನ್ನು 4ರ ಜೊತೆ, 2ನ್ನು 3ರ ಜೊತೆ ಕೂಡಿಸಬೇಕು. ಆಗ ಜೋಡಿಯ ಎರಡು ಸಿಲಿಂಡರ್‌ಗಳ ನಡುವೆ 360 ಡಿಗ್ರಿ ಅಂತರ ಸಿಕ್ಕಿ ಒಂದರ ಹೊಗೆ ಇನ್ನೊಂದರ ಮುಖಕ್ಕೆ ಬೀಳುವುದಿಲ್ಲ. ಜಾಗ ಸಾಲದೆಂದು 1-2, 3-4 ಸೇರಿಸಿ ವೆಲ್ಡ್ ಮಾಡಿದರೆ ಕಂಪನಿ ಮ್ಯಾನಿಫೋಲ್ಡಿಗಿಂತ ಕೆಟ್ಟದಾಗಬಹುದು. ಒಂದೊಂದು ಸಿಲಿಂಡರಿನಿಂದ ಹೊರಡುವ ಪ್ರೈಮರಿಗೆ ಒಂದೂವರೆ ಇಂಚು ಹೊರವ್ಯಾಸದ ಪೈಪ್ ಸಾಕು, ಎಲ್ಲ ಕೂಡುವ ಕಲೆಕ್ಟರ್‌ನಿಂದ ಹಿಂದಕ್ಕೆ ಎರಡು ಇಂಚು. 120 ಪಿಎಸ್‌ಗೆ ಎರಡೂವರೆ ಇಂಚು ಹಾಕಿದರೆ ಹೊಗೆಯ ವೇಗ ಬೀಳುತ್ತದೆ. ಆ ವೇಗದಿಂದಲೇ ಪೋರ್ಟಿನಲ್ಲಿ ಎಳೆತ ಹುಟ್ಟಿ ಹೊಸ ಗಾಳಿ ಒಳಗೆ ಬರಬೇಕು. ಪಿಕಪ್ ಕಳೆದುಹೋಗುವುದು ಇಲ್ಲಿ. ಎಂಜಿನ್ನಿಗೂ ಆಕ್ಸಿಜನ್ ಸೆನ್ಸರ್‌ಗೂ ನಡುವೆ ಎಲ್ಲಿಯೂ ಲೀಕ್ ಇರಕೂಡದು. ಲೀಕಿನಿಂದ ಹೊರಗಾಳಿ ಒಳಬಂದರೆ ಸೆನ್ಸರ್ ಮಿಕ್ಸ್ಚರ್ ಲೀನ್ (ಪೆಟ್ರೋಲ್ ಕಡಿಮೆ) ಎನ್ನುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ, ಪ್ಲಗ್ ಕಪ್ಪಾಗುತ್ತದೆ.

ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯಬೇಡಿ. ಈ ಕಾರುಗಳಿಗೆಲ್ಲ 15 ವರ್ಷ ಮುಗಿದಿದೆ, ಐದು ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ನಿರ್ದಿಷ್ಟಪಡಿಸಿದ್ದನ್ನು ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. ಎಂಜಿನ್ ಬಿಚ್ಚಿ ಮಾಡುವ ದೊಡ್ಡ ಕೆಲಸ ಟ್ರ್ಯಾಕ್‌ಗೇ ಮೀಸಲಾದ ಗಾಡಿಗಿರಲಿ. ಮಿಕ್ಕಂತೆ ಕನ್ವರ್ಟರ್ ಕಟ್ಟಿಕೊಂಡಿದೆಯೇ ಎಂಬುದನ್ನು ಮಾತ್ರ ನೋಡಿ, ಕಟ್ಟಿದ್ದರೆ ಹೊಸದು ಹಾಕಿ.

ಇನ್‌ಟೇಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಬರುವ ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ. 3 ಇಳಿಯುತ್ತದೆ. ರೇಡಿಯೇಟರ್ ಹಿಂದೆ ಕೂತ ಕೋನ್ ಫಿಲ್ಟರ್ ಎಳೆಯುವುದು ಆ ಬಿಸಿಗಾಳಿಯನ್ನೇ. ಕಂಪನಿಯ ಏರ್‌ಬಾಕ್ಸ್ ಉಳಿಸಿ ಒಳ್ಳೆಯ ಪ್ಯಾನಲ್ ಫಿಲ್ಟರ್ ಹಾಕಿ, ಬಾಕ್ಸಿಗೆ ಮುಂಭಾಗದಿಂದ ತಣ್ಣನೆಯ ಗಾಳಿ ಬರುವ ದಾರಿ ಮಾಡಿ. ಫಿಲ್ಟರನ್ನು ಬಂಪರ್ ಕೆಳಗಿಳಿಸಿದರೆ ಮಳೆಗಾಲದಲ್ಲಿ ಅಂಡರ್‌ಪಾಸ್ ನೀರು ಸಿಲಿಂಡರ್ ಸೇರಿ ರಾಡ್ ಬಾಗುತ್ತದೆ.

ನಿಜವಾದ ಪವರ್ ಇರುವುದು ಹೆಡ್ಡಿನಲ್ಲಿ. ವಾಲ್ವ್ ಸೀಟಿಗೆ 30-45-60 ಡಿಗ್ರಿಯ ಮೂರು ಕೋನದ ಕಟಿಂಗ್ ಮಾಡಿಸಿ. ಪೋರ್ಟ್ ಮತ್ತು ಮ್ಯಾನಿಫೋಲ್ಡ್ ಸೇರುವಲ್ಲಿ ಗ್ಯಾಸ್ಕೆಟ್ ಅಥವಾ ಎರಕದ ಏಣು ಒಳಕ್ಕೆ ಚಾಚಿದ್ದರೆ ಅದನ್ನಷ್ಟೇ ಸವರಿ. ಇನ್‌ಟೇಕ್ ಪೋರ್ಟನ್ನು ಇಡಿಯಾಗಿ ದೊಡ್ಡದು ಮಾಡಬೇಡಿ, ಕನ್ನಡಿಯಂತೆ ಪಾಲಿಶ್ ಕೂಡ ಬೇಡ.

ಕ್ಯಾಮ್ ಬದಲಿಸಿದರೆ ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ಅಳೆಯಲೇಬೇಕು. ಪಿಸ್ಟನ್ ಮೇಲೆ ಮಕ್ಕಳ ಮೇಣದ ಜೇಡಿ ಒತ್ತಿ, ಎಣ್ಣೆ ಸವರಿ, ಹೆಡ್ ಕೂರಿಸಿ, ಬೆಲ್ಟ್ ಹಾಕಿ ಎರಡು ಸುತ್ತು ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ, ಜೇಡಿ ಕೊಯ್ದು ದಪ್ಪ ನೋಡುವ ವಿಧಾನ ಎಲ್ಲರಿಗೂ ಗೊತ್ತು. ಆದರೆ ವೀಟೆಕ್‌ನಲ್ಲಿ ಇದು ಮೋಸ ಮಾಡುತ್ತದೆ. ಕೈಯಿಂದ ತಿರುಗಿಸುವಾಗ ಆಯಿಲ್ ಒತ್ತಡ ಇರುವುದಿಲ್ಲ. ನಡುವಿನ ರಾಕರ್ ಸುಮ್ಮನೆ ತನ್ನಷ್ಟಕ್ಕೆ ಆಡುತ್ತದೆ, ವಾಲ್ವ್ ತೆರೆಯುವುದು ಸಣ್ಣ ಲೋಬಿನಷ್ಟೇ. ಜೇಡಿಯಲ್ಲಿ ಮೂರು ಮಿ.ಮೀ. ಕಂಡು ನೆಮ್ಮದಿಯಿಂದ ಜೋಡಿಸಿದ ಎಂಜಿನ್, ದೊಡ್ಡ ಲೋಬ್ ಹಿಡಿದ ಮೊದಲ ಸಲವೇ ವಾಲ್ವ್ ಬಾಗಿಸಬಹುದು. ಕ್ಯಾಮಿನ ಉಬ್ಬಿಲ್ಲದ ದುಂಡು ಭಾಗ (ಬೇಸ್ ಸರ್ಕಲ್) ರಾಕರ್ ಮೇಲಿದ್ದು ಮೂರೂ ರಾಕರ್ ಒಂದೇ ಸಾಲಿನಲ್ಲಿರುವಾಗ ಆಯಿಲ್ ದಾರಿಗೆ ಕಂಪ್ರೆಸರ್ ಗಾಳಿ ಕೊಟ್ಟು ಪಿನ್ ಲಾಕ್ ಮಾಡಿ, ಗಾಳಿ ಬಿಡದೆ ತಿರುಗಿಸಿ ಅಳೆಯಬೇಕು. ಇನ್‌ಟೇಕ್‌ಗೆ ಕನಿಷ್ಠ 2, ಎಕ್ಸಾಸ್ಟ್‌ಗೆ 2.5 ಮಿ.ಮೀ. ಉಳಿದಿರಲಿ. ಅತಿ ಇಕ್ಕಟ್ಟಿನ ಜಾಗ ಪಿಸ್ಟನ್ ತುತ್ತತುದಿಯಲ್ಲಿರುವಾಗ (ಟಿಡಿಸಿ) ಅಲ್ಲ: ಎಕ್ಸಾಸ್ಟ್‌ಗೆ ಅದಕ್ಕಿಂತ ಸುಮಾರು 10 ಡಿಗ್ರಿ ಮುಂಚೆ, ಇನ್‌ಟೇಕ್‌ಗೆ ಸುಮಾರು 10 ಡಿಗ್ರಿ ಆಮೇಲೆ.

ಕಂಪ್ರೆಷನ್ ಏರಿಸುವುದಕ್ಕೆ ಲೇತ್ ಅಂಗಡಿಯಲ್ಲಿ ಹೆಡ್ ಫೇಸಿಂಗ್ (ಹೆಡ್ಡಿನ ತಳ ಕೆತ್ತಿ ತೆಳುವಾಗಿಸುವುದು) ಮಾಡಿಸಿದರೆ ಮುಗಿಯಿತು ಎಂಬ ನಂಬಿಕೆ ಇದೆ. ಲೆಕ್ಕ ನೋಡಿ. ಒಂದು ಸಿಲಿಂಡರ್ 373 ಸಿಸಿ. ಬ್ಯುರೆಟ್‌ನಿಂದ ಅಳೆದಾಗ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಒಟ್ಟು ಜಾಗ 44 ಸಿಸಿ ಬಂದರೆ ಅನುಪಾತ 9.5. ಅದನ್ನು 10.5 ಮಾಡಲು ಜಾಗ 39.3ಕ್ಕೆ ಇಳಿಯಬೇಕು, ಅಂದರೆ ಸುಮಾರು 4.7 ಸಿಸಿ ಕಡಿಮೆಯಾಗಬೇಕು. 75 ಮಿ.ಮೀ. ಬೋರಿಗೆ ಕಾಲು ಮಿ.ಮೀ. ತೆಗೆದರೆ ಹೋಗುವುದು ಹೆಚ್ಚೆಂದರೆ 1.1 ಸಿಸಿ. ಅಷ್ಟಕ್ಕಾಗಿ ಒಂದು ಮಿ.ಮೀ. ದಾಟಿ ಫೇಸ್ ಮಾಡಬೇಕು, ಅದು ಹೆಡ್ಡಿಗೆ ಒಳ್ಳೆಯದಲ್ಲ. ಪೂರ್ತಿ ಒಂದು ಪಾಯಿಂಟ್ ಬೇಕಿದ್ದರೆ ಪಿಸ್ಟನ್ನೇ ಬದಲಾಗಬೇಕು. ಅರ್ಧ ಮಿ.ಮೀ. ಫೇಸಿಂಗಿಗೇ ಕ್ಯಾಮ್ ಟೈಮಿಂಗ್ ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು ಒಂದು ಡಿಗ್ರಿ ಹಿಂದೆ ಬೀಳುತ್ತದೆ, ವಾಲ್ವ್ ಪಿಸ್ಟನ್ನಿಗೆ ಅರ್ಧ ಮಿ.ಮೀ. ಹತ್ತಿರವಾಗುತ್ತದೆ. ಹೊಂದಿಸಬಹುದಾದ ಕ್ಯಾಮ್ ಗೇರ್ ಇಲ್ಲಿ ಬೇಕಾಗುತ್ತದೆ. ಜೇಡಿ ಅಳತೆಯನ್ನೂ ಫೇಸಿಂಗ್ ಆದ ಮೇಲೆಯೇ ಮಾಡಿ.

ಪೆಟ್ರೋಲ್ ಈಗ ಇ20, ಅಂದರೆ ಶೇ. 20 ಎಥನಾಲ್ ಬೆರೆತದ್ದು. ಎಥನಾಲ್ ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಹತೋಟಿ ತಪ್ಪಿ ಸಿಡಿಯುವುದು) ತಡೆಯುತ್ತದೆ, ಸಿಲಿಂಡರಿಗೆ ಹೋಗುವ ಗಾಳಿಯನ್ನು ತಂಪು ಮಾಡುತ್ತದೆ. ಕಂಪ್ರೆಷನ್ ಏರಿಸಿದವರಿಗೆ ಇದು ವರವೇ. ಆದರೆ ಅದೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು, ಹಳೆಯ ರಬ್ಬರ್ ಹೋಸ್‌ಗಳು ಉಬ್ಬಿ ಬಿರುಕು ಬಿಡುತ್ತವೆ. ಹೋಸ್ ಮತ್ತು ಓ-ರಿಂಗ್‌ಗಳನ್ನು ಮೊದಲು ಬದಲಿಸಿ. 125 ಪಿಎಸ್‌ಗೆ, ಶೇ. 80ರಷ್ಟು ಸಮಯ ತೆರೆದಿರುವ ಲೆಕ್ಕದಲ್ಲಿ, ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ ಸುಮಾರು 215 ಸಿಸಿ ಕೊಡಬೇಕು. ನಾಲ್ಕನ್ನೂ ಬೆಂಚಿನಲ್ಲಿ ಅಳೆಸಿ. ಒಂದು ಶೇ. 8 ಕಡಿಮೆ ಕೊಟ್ಟರೆ ಆ ಸಿಲಿಂಡರ್ ಒಂದೇ ಲೀನ್ ಆಗುತ್ತದೆ, ನಾಲ್ಕರ ಸರಾಸರಿ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರಿನಲ್ಲಿ ಅದು ಕಾಣುವುದೇ ಇಲ್ಲ.

ಇಷ್ಟಾದ ಮೇಲೆ ಮ್ಯಾಪ್, ಅಂದರೆ ಇಸಿಯುವಿನ ಪೆಟ್ರೋಲ್ ಮತ್ತು ಇಗ್ನಿಷನ್ ಪಟ್ಟಿ. ಇ20 ಇರುವುದರಿಂದ ಏರ್-ಫ್ಯುಯೆಲ್ ಸಂಖ್ಯೆ ಬಿಟ್ಟು ಲ್ಯಾಂಬ್ಡಾದಲ್ಲೇ ಮಾತಾಡಿ (ಸರಿಯಾಗಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ ಅದು 1, ಪೆಟ್ರೋಲ್ ಹೆಚ್ಚಾದರೆ ಅದಕ್ಕಿಂತ ಕಡಿಮೆ), ಫುಲ್ ಥ್ರಾಟಲ್‌ನಲ್ಲಿ 0.87ರಿಂದ 0.90. ಇಗ್ನಿಷನ್ ಟೈಮಿಂಗನ್ನು ಒಂದೊಂದೇ ಡಿಗ್ರಿ ಅಡ್ವಾನ್ಸ್ ಮಾಡಿ, ಅಂದರೆ ಕಿಡಿ ಇನ್ನೂ ಮುಂಚೆ ಬರುವಂತೆ ಮಾಡಿ, ಟಾರ್ಕ್ ಏರುವುದು ನಿಂತ ಕಡೆ ನಿಲ್ಲಿಸಿ ಎರಡು ಡಿಗ್ರಿ ಹಿಂದೆ ಬನ್ನಿ. ಆ ಎರಡು ಡಿಗ್ರಿ ಏಪ್ರಿಲ್ ಬಿಸಿಲಿಗೆ. ಪ್ರತಿ ಕೆಲವು ರನ್‌ಗೆ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ಬಿಳಿ ಪಿಂಗಾಣಿ ನೋಡಿ. ಸಣ್ಣ ಬೆಳ್ಳಿಚುಕ್ಕೆಗಳು ಕಂಡರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ. ನಾಕಿಂಗ್ ಆಗಲೇ ಶುರುವಾಗಿದೆ, ಕಿವಿಗೆ ಕೇಳುವವರೆಗೆ ಕಾಯಬೇಡಿ.

ವೀಟೆಕ್ ಯಾವ ಆರ್‌ಪಿಎಂನಲ್ಲಿ ಬದಲಾಗಬೇಕು ಎಂಬುದನ್ನು ಊಹಿಸುವ ಅಗತ್ಯವಿಲ್ಲ. ವೀಟೆಕ್ ಪೂರ್ತಿ ಆಫ್ ಇಟ್ಟು ಡೈನೊದಲ್ಲಿ ಒಂದು ಫುಲ್ ಥ್ರಾಟಲ್ ರನ್. ಆಮೇಲೆ ಬದಲಾವಣೆಯ ಬಿಂದುವನ್ನು 3500ಕ್ಕೆ ಇಳಿಸಿ ಇನ್ನೊಂದು. ಎರಡು ಟಾರ್ಕ್ ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಅವು ಕತ್ತರಿಸುವ ಜಾಗವೇ ಉತ್ತರ. ಸರಿಯಾಗಿ ಇಟ್ಟ ಗಾಡಿಯಲ್ಲಿ ವೀಟೆಕ್ ಬಂದಾಗ ಬೆನ್ನಿಗೆ ಗುದ್ದಿದ ಹಾಗಾಗುವುದಿಲ್ಲ, ಸದ್ದು ಮಾತ್ರ ಬದಲಾಗುತ್ತದೆ. ಗುದ್ದು ಬಂದರೆ ಬದಲಾವಣೆ ತಡವಾಗಿದೆ, ಅದರ ಹಿಂದಿನ ನಾಲ್ಕೈದು ನೂರು ಆರ್‌ಪಿಎಂನಲ್ಲಿ ಟಾರ್ಕ್ ಬಿದ್ದುಹೋಗಿತ್ತು ಎಂದರ್ಥ. ಬಿಂದುವನ್ನು ನೂರು ನೂರಾಗಿ ಕೆಳಗಿಳಿಸುತ್ತಾ ಬನ್ನಿ, ಗೆರೆಯಲ್ಲಿನ ಆ ಗುಂಡಿ ತುಂಬುವವರೆಗೆ.