ಯಾಯಿಕ್ ನದಿಯ ದೊರೆ ಮತ್ತು ನಮ್ಮ ಇತಿಹಾಸದ ತರಗತಿ

ನಮ್ಮ ಬಿ.ಎ. ಪಠ್ಯದಲ್ಲಿ ರಷ್ಯಾದ ರಾಣಿ ಎರಡನೇ ಕ್ಯಾಥರೀನಳ ಸುಧಾರಣೆಗಳಿಗೆ ಪುಟಗಟ್ಟಲೆ ಜಾಗವಿತ್ತು, ಅವಳ ವಿರುದ್ಧ ಎದ್ದ ಪುಗಚೋವ್‌ನ ದಂಗೆಗೆ ಒಂದೇ ಸಾಲು. ಆ ಒಂದು ಸಾಲನ್ನು ಹಿಡಿದು ನಮ್ಮ ಇತಿಹಾಸದ ಸರ್ ಹಲವು ತರಗತಿಗಳಷ್ಟು ಪಾಠ ಮಾಡಿದರು. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಯಾರೂ ತಪ್ಪಿಸಿಕೊಳ್ಳಲಿಲ್ಲ. ಸಂಚಿಕೆಗೆ ನೆನಪು ಬರೆದುಕೊಡಿ ಎಂದಾಗ ನನಗೆ ಬರೆಯಬೇಕೆನಿಸಿದ್ದು ಆ ಪಾಠದ ಬಗ್ಗೆಯೇ.

ಸರ್ ಶುರು ಮಾಡಿದ್ದು ಮೀನು ಮತ್ತು ಉಪ್ಪಿನಿಂದ. ಯಾಯಿಕ್ ನದಿಯ ದಡದ ಕೊಸಾಕರು ಕುದುರೆಯೇರಿ ಗಡಿ ಕಾಯುವವರು, ತಮ್ಮ ನಾಯಕನನ್ನು ತಾವೇ ಆರಿಸಿಕೊಳ್ಳುತ್ತಿದ್ದವರು. ನದಿಯ ಮೀನೇ ಅವರ ಜೀವನ. ಮೀನು ಕೆಡದಂತೆ ಇಡಲು ಉಪ್ಪು ಬೇಕು, ಉಪ್ಪು ಸರಕಾರದ ಹಿಡಿತದಲ್ಲಿ. ಕರಾವಳಿಯ ಮಕ್ಕಳಾದ ನಮಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. 1772ರಲ್ಲಿ ಅವರು ದಂಗೆ ಎದ್ದರು. ಸೈನ್ಯ ಬಂದು ಅದನ್ನು ಅಡಗಿಸಿತು.

ಮರುವರ್ಷ ಆ ಸೋತ ಜನರ ನಡುವೆ ಬಂದು ನಿಂತವನು ಎಮೆಲ್ಯಾನ್ ಪುಗಚೋವ್. ದೋನ್ ನದಿಯ ಕೊಸಾಕ, ಸೈನ್ಯದಿಂದ ತಪ್ಪಿಸಿಕೊಂಡು ತಿರುಗುತ್ತಿದ್ದವನು, ಓದು ಬರಹ ಬಾರದವನು. ನೂರು ವರ್ಷ ಹಿಂದೆ ಇಂಥದ್ದೇ ದಂಗೆ ನಡೆಸಿ 1671ರಲ್ಲಿ ಮಾಸ್ಕೋದಲ್ಲಿ ಕೊಲ್ಲಲ್ಪಟ್ಟ ಸ್ತೆಪಾನ್ ರಾಜಿನ್‌ನ ಊರೂ ಇವನ ಊರೂ ಒಂದೇ. ಪುಗಚೋವ್ ಸ್ನಾನದ ಮನೆಯಲ್ಲಿ ಒಬ್ಬ ಕೊಸಾಕನಿಗೆ ತನ್ನ ಎದೆಯ ಮೇಲಿನ ಹಳೆಯ ಕಲೆಗಳನ್ನು ತೋರಿಸಿ, ಇವು ರಾಜಚಿಹ್ನೆ, ನಾನೇ ಮೂರನೇ ಪೀಟರ್ ಎಂದ. ನಿಜವಾದ ಮೂರನೇ ಪೀಟರ್‌ನನ್ನು ಅವನ ಹೆಂಡತಿ ಕ್ಯಾಥರೀನಳ ಕಡೆಯವರು 1762ರಲ್ಲೇ ಪಟ್ಟದಿಂದ ಇಳಿಸಿದ್ದರು. ಕೆಲವೇ ದಿನಗಳಲ್ಲಿ ಅವನ ಕೊಲೆಯೂ ಆಗಿತ್ತು.

ಜನ ಇದನ್ನು ಹೇಗೆ ನಂಬಿದರು? ಸರ್ ಈ ಪ್ರಶ್ನೆಯನ್ನು ನಮಗೇ ಬಿಟ್ಟು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದರು. ಆಮೇಲೆ ಒಂದೊಂದೇ ಹೇಳಿದರು. ಪೀಟರ್ 1762ರಲ್ಲಿ ಜಮೀನ್ದಾರರನ್ನು ಕಡ್ಡಾಯ ರಾಜಸೇವೆಯಿಂದ ಬಿಡುಗಡೆ ಮಾಡಿದ್ದ. ಮುಂದಿನ ಬಿಡುಗಡೆ ನಮ್ಮದೇ ಎಂದು ರೈತರು ಕಾದಿದ್ದರು. ಬಂದದ್ದು ತದ್ವಿರುದ್ಧ: 1767ರಲ್ಲಿ ಒಡೆಯನ ವಿರುದ್ಧ ರಾಣಿಗೆ ದೂರು ಕೊಡುವುದೇ ಅಪರಾಧವಾಯಿತು. ದೂರು ಹೇಳಲೂ ಬಾಗಿಲಿಲ್ಲದವರಿಗೆ, ಸತ್ತ ದೊರೆ ಎದ್ದು ಬಂದಿದ್ದಾನೆ ಎಂಬ ಸುದ್ದಿ ಸುಳ್ಳಾಗಿ ಕೇಳಿಸಲು ಹೇಗೆ ಸಾಧ್ಯ?

1773ರ ಸೆಪ್ಟೆಂಬರಿನಲ್ಲಿ ಪುಗಚೋವ್ ಹೊರಡಿಸಿದ ಮೊದಲ ಫರ್ಮಾನು ಕೊಸಾಕರಿಗೆ ನದಿಯನ್ನು, ಅದರ ಹುಟ್ಟಿನಿಂದ ಕಡಲು ಸೇರುವವರೆಗೆ, ಕೊಟ್ಟಿತು. ಜೊತೆಗೆ ಹುಲ್ಲುಗಾವಲು, ಸಂಬಳ, ಸೀಸ, ಮದ್ದುಗುಂಡು, ಧಾನ್ಯ. ಒರೆನ್‌ಬುರ್ಗ್ ಕೋಟೆಗೆ ಮುತ್ತಿಗೆ ಬಿತ್ತು, ತಿಂಗಳುಗಟ್ಟಲೆ ನಡೆಯಿತು. ಹತ್ತಿರದ ಬೆರ್ದಾದಲ್ಲಿ ಒಂದು ಮನೆಯ ಗೋಡೆಗಳಿಗೆ ಚಿನ್ನದಂತೆ ಹೊಳೆಯುವ ತಗಡು ಹೊಡೆದು ಅದನ್ನೇ ಅರಮನೆ ಮಾಡಿಕೊಂಡರು. ಭೂಮಿ ಕಳೆದುಕೊಂಡಿದ್ದ ಉರಾಲ್ ಸೀಮೆಯ ಬಶ್ಕಿರ ಜನಾಂಗದವರು ಬಂದರು. ಅವರ ಮುಂದಾಳು ಸಲವಾತ್ ಯುಲಾಯೆವ್, ಕವಿ, ನಮಗಿಂತ ಒಂದೆರಡು ವರ್ಷ ದೊಡ್ಡವನಿದ್ದಾನು. ಉರಾಲ್ ಕಾರ್ಖಾನೆಗಳ ಜೀತದಾಳುಗಳು ಫಿರಂಗಿ ಎರಕ ಹೊಯ್ದು ಕೊಟ್ಟರು. ನನಗೆ ಎಲ್ಲರಿಗಿಂತ ಇಷ್ಟವಾದವನು ಖ್ಲೊಪೂಶ. ಮೂಗಿನ ಹೊಳ್ಳೆ ಸೀಳಿಸಿಕೊಂಡಿದ್ದ ಆ ಕೈದಿಯನ್ನು ಬಿಡಿಸಿ, ದಂಗೆಕೋರರಲ್ಲಿ ಹಂಚು ಎಂದು ಕಾಗದ ಕೊಟ್ಟು ಕಳಿಸಿದ್ದು ಒರೆನ್‌ಬುರ್ಗ್‌ನ ಗವರ್ನರ್. ಅವನು ಹೋಗಿ ಕಾಗದಗಳನ್ನು ಪುಗಚೋವ್‌ನ ಕೈಗೇ ಒಪ್ಪಿಸಿ ಅಲ್ಲೇ ಉಳಿದ.

1774ರ ಜುಲೈನಲ್ಲಿ ದಂಗೆಕೋರರು ನುಗ್ಗಿದ ಕಜಾನ್ ಪಟ್ಟಣ ಸುಟ್ಟುಹೋಯಿತು. ಅದೇ ತಿಂಗಳ 31ರ ಫರ್ಮಾನನ್ನು ಸರ್ ಬೋರ್ಡಿನ ಮೇಲೆ ಬರೆಸಿದ್ದರು: ಜೀತದಿಂದ ಬಿಡುಗಡೆ, ತಲೆಗಂದಾಯ ಇಲ್ಲ, ಸೈನ್ಯಕ್ಕೆ ಬಲವಂತದ ಭರ್ತಿ ಇಲ್ಲ, ಹೊಲ, ಕಾಡು, ಹುಲ್ಲುಗಾವಲು, ಮೀನಿನ ನೀರು, ಉಪ್ಪಿನ ಕೆರೆ ಎಲ್ಲ ದುಡ್ಡಿಲ್ಲದೆ. ಜಮೀನ್ದಾರರನ್ನು ಹಿಡಿದು ಗಲ್ಲಿಗೇರಿಸಿ ಎಂಬ ಮಾತೂ ಅದರಲ್ಲಿತ್ತು. ಅದನ್ನೂ ಬರೆಸಿದರು. ಒಡೆಯರ ಹೆಂಗಸರು ಮಕ್ಕಳೂ ಸತ್ತರು ಎಂಬುದನ್ನು ಮುಚ್ಚಿಡಲಿಲ್ಲ. ಆ ನೋವನ್ನು ಬಿಟ್ಟು ಈ ಕಥೆ ಹೇಳಬಾರದು ಎಂದು ನಾನೂ ಇಂದಿಗೂ ನಂಬಿದ್ದೇನೆ.

ಕೊನೆಗೆ ಜೊತೆಗಾರರೇ ಅವನನ್ನು ಹಿಡಿದುಕೊಟ್ಟರು. ಪಂಜರದಲ್ಲಿ ಸಾಗಿಸಿ, 1775ರ ಜನವರಿ 10ರಂದು ಮಾಸ್ಕೋದಲ್ಲಿ ಕೊಂದರು. ಕ್ಯಾಥರೀನ್ ನದಿಯ ಹೆಸರನ್ನೇ ಅಳಿಸಿ ಉರಾಲ್ ಎಂದು ಕರೆಸಿದಳು. ಯಾಯಿತ್ಸ್ಕ್ ಪಟ್ಟಣ ಉರಾಲ್ಸ್ಕ್ ಆಯಿತು. ಜೀತ ಹೋಗಲು 1861 ಬರಬೇಕಾಯಿತು.

ಆಮೇಲೆ ಸರ್ ನಮ್ಮ ಸುಳ್ಯಕ್ಕೆ ಬಂದರು. 1837ರಲ್ಲಿ ಕಂಪನಿ ಸರಕಾರ ಕಂದಾಯವನ್ನು ನಗದಾಗಿಯೇ ಕಟ್ಟಿ ಎಂದಾಗ ಎದ್ದ ರೈತರ ಮುಂದಾಳು ಪುಟ್ಟಬಸಪ್ಪ. ಅವನು ಹೊರಟದ್ದೂ ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿಯ ಹೆಸರು ಹೊತ್ತೇ. ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿನವರೆಗೆ ಬಂದ ಆ ದಂಡಿನ ನಾಯಕನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಎರಡೂ ಕಡೆ ಜನ ಹಳೆಯ ದೊರೆಯ ಹೆಸರಿನಲ್ಲಿ ಕೇಳಿದ್ದು ತಮ್ಮ ಹೊಲವನ್ನು, ತಮ್ಮ ದುಡಿಮೆಯನ್ನು. ಇದು ನನಗೆ ಆ ತರಗತಿಯಲ್ಲೇ ಹೊಳೆದದ್ದು.

1833ರಲ್ಲಿ ಕವಿ ಪುಷ್ಕಿನ್ ಬೆರ್ದಾಕ್ಕೂ ಉರಾಲ್ಸ್ಕ್‌ಗೂ ಹೋಗಿ ಆ ದಿನಗಳನ್ನು ಬಲ್ಲ ಮುದುಕ ಮುದುಕಿಯರಿಂದ ಕೇಳಿ ಬರೆದುಕೊಂಡ. ನಿನಗೆ ಅವನು ಪುಗಚೋವ್, ನನಗೆ ಮಹಾಪ್ರಭು ಎಂದು ಒಬ್ಬ ಮುದುಕ ಕೊಸಾಕ ಅವನ ಮುಖಕ್ಕೇ ಹೇಳಿದನಂತೆ. ಸುಳ್ಯದ ಆ ದಂಗೆಯನ್ನು, ನಮ್ಮ ಜನರ ಬಾಯಲ್ಲಿ ಕಲ್ಯಾಣಪ್ಪನ ಕಾಟಕಾಯಿಯನ್ನು, ಕಂಡವರು ಇಂದು ಯಾರೂ ಇಲ್ಲ. ಆದರೆ ಬೆಳ್ಳಾರೆ, ಸುಳ್ಯ, ಪುತ್ತೂರಿನ ಹಳೆಯ ಮನೆಗಳಲ್ಲಿ ಅದರ ಮಾತು ಇನ್ನೂ ಇದೆ. ಇತಿಹಾಸ ವಿಭಾಗದ ಈಗಿನ ಮಕ್ಕಳು ಈ ರಜೆಯಲ್ಲೇ ಹೋಗಿ ಹಿರಿಯರನ್ನು ಕೇಳಿ ಬರೆದಿಡಿ. ಓಡಾಟದ ಖರ್ಚಿಗೆ ನಮ್ಮ ಹಳೆಯ ವಿದ್ಯಾರ್ಥಿಗಳ ತಂಡ ಸಿದ್ಧವಿದೆ.