ಡಬ್ಬಿ ಖಾಲಿಯಿದ್ದ ಬೆಳಿಗ್ಗೆ

ಕಿಡ್ನಿ ಕಸಿಯಾಗಿ ಆಗ ಏಳು ವಾರ. ಕಿಡ್ನಿ ಕೊಟ್ಟವಳು ನನ್ನ ಅಕ್ಕ. ಅವಳು ಕೊಟ್ಟಿದ್ದನ್ನು ನನ್ನ ಮೈ ಹೊರಗಿನದು ಅಂತ ತಳ್ಳಿಬಿಡಬಾರದಲ್ಲ, ಅದಕ್ಕೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಟ್ಯಾಕ್ರೋಲಿಮಸ್ ಅನ್ನುವ ಮಾತ್ರೆ. ವಾರಕ್ಕೊಮ್ಮೆ ರಕ್ತದಲ್ಲಿ ಅದು ಎಷ್ಟಿದೆ ಅಂತ ನೋಡುತ್ತಿದ್ದರು. ನಮ್ಮ ಬಾಯಲ್ಲಿ ಅದು ಬರೀ 'ಲೆವೆಲ್'. ಜಾಸ್ತಿಯಾದರೆ ಕೈ ನಡುಗುತ್ತೆ, ಹೊಸ ಕಿಡ್ನಿಗೇ ಏಟು. ಕಮ್ಮಿಯಾದರೆ ಮೈ ಕಿಡ್ನಿಯ ಮೇಲೆ ತಿರುಗಿ ಬೀಳುತ್ತೆ. ನನಗೆ 8ರಿಂದ 12ರ ನಡುವೆ ಇರಬೇಕು ಅಂದಿದ್ದರು. ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಅನ್ನುವ ಲೆಕ್ಕ. ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಗ್ರಾಂ. ಅಷ್ಟು ಸಣ್ಣ ಅಳತೆಯ ಮೇಲೆ ನನ್ನ ದಿನಗಳು ನಿಂತಿದ್ದವು.

ಪಕ್ಕದ ಹಾಸಿಗೆಯಲ್ಲಿದ್ದವರೂ ಹೆಚ್ಚುಕಮ್ಮಿ ನನ್ನಷ್ಟೇ ತೂಕ. ಆದರೂ ನನ್ನ ಡೋಸ್ ಅವರ ಎರಡರಷ್ಟು. ಏನೋ ಕೆಟ್ಟಿದೆ ಅಂತಲೇ ಹೆದರಿದ್ದೆ. ಜೀನ್ ಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಸಿವೈಪಿ3ಎ5 ಅನ್ನುವ ಕಿಣ್ವ ಕೆಲವರ ಲಿವರ್‌ನಲ್ಲಿ, ಕರುಳಿನಲ್ಲಿ ಚುರುಕಾಗಿ ಕೆಲಸ ಮಾಡುತ್ತೆ. ಅಂಥವರ ಮೈ ಈ ಔಷಧಿಯನ್ನು ಬೇಗ ಒಡೆದು ಹಾಕುತ್ತೆ. ಸಾಮಾನ್ಯವಾಗಿ ಒಂದೂವರೆಯಿಂದ ಎರಡರಷ್ಟು ಡೋಸ್ ಬೇಕಾಗುತ್ತೆ. ಕೇಳಿ ಎಷ್ಟು ಸಮಾಧಾನವಾಯಿತು! ರೋಗ ಜಾಸ್ತಿ ಅಂತಲ್ಲ, ನನ್ನ ಮೈಯೇ ಹಾಗೆ.

ಲೆವೆಲ್ ದಿನ ಒಂದೇ ನಿಯಮ. ಬೆಳಗಿನ ಮಾತ್ರೆ ನುಂಗದೆ ಹೋಗಬೇಕು, ರಕ್ತ ಕೊಟ್ಟ ಮೇಲೆ ನುಂಗಬೇಕು. ರಾತ್ರಿಯ ಡೋಸ್ ಆಗಿ ಹನ್ನೆರಡು ಗಂಟೆಗೆ ಔಷಧಿ ತೀರಾ ಕೆಳಗಿಳಿದಿರುತ್ತೆ. ಆಗಿನ ಅಂಕಿಯನ್ನೇ ಅವರು ನೋಡುವುದು. ಅದಕ್ಕೇ ಮಾತ್ರೆಯನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದೆ.

ಆ ದಿನ ಸಿಸ್ಟರ್ "ಮಾತ್ರೆ ತಗೊಂಡಿಲ್ಲ ಅಲ್ವಾ?" ಅಂದರು. ಇಲ್ಲ ಅಂದೆ. ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತುಂಬಿ, ಹೆಪ್ಪುಗಟ್ಟದ ಹಾಗೆ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಿದರು. ಈ ಔಷಧಿ ಹೆಚ್ಚಾಗಿ ಕೆಂಪು ರಕ್ತಕಣಗಳಲ್ಲೇ ಇರುತ್ತದಂತೆ, ಹಾಗಾಗಿ ಇಡೀ ರಕ್ತವೇ ಬೇಕು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಡಬ್ಬಿ ತೆರೆದೆ. ಖಾಲಿ.

ಎಂಟಕ್ಕೆ ಅಲಾರಂ ಹೊಡೆದಿತ್ತು. ಕೈ ತಾನಾಗಿ ಡಬ್ಬಿ ತೆಗೆದಿತ್ತು, ನುಂಗಿದ್ದೆ. ರಕ್ತ ಕೊಡುವಾಗ ಅದಾಗಿ ಒಂದೂವರೆ ಗಂಟೆ ಕಳೆದಿತ್ತು, ಅಂದರೆ ಔಷಧಿ ರಕ್ತದಲ್ಲಿ ಏರಿ ನಿಲ್ಲುವ ಹೊತ್ತು. ಒಳಗೆ ಹೋಗಿ ಹೇಳಬೇಕಿತ್ತು. ಬಾಗಿಲಲ್ಲಿ ಜನ ಸಾಲು ನಿಂತಿದ್ದರು, ಸಿಸ್ಟರ್ ಬೆಳಗ್ಗಿನಿಂದ ಕೂತಿರಲಿಲ್ಲ. ನಾಚಿಕೆಯಾಯಿತು. ಸುಮ್ನೆ ಎದ್ದು ಮನೆಗೆ ಬಂದುಬಿಟ್ಟೆ.

ಸಂಜೆ ಫೋನ್ ಬಂತು. "ಮೇಡಂ, ಲೆವೆಲ್ 21 ಬಂದಿದೆ. ರಾತ್ರಿ ಡೋಸ್ ಬಿಡಿ, ನಾಳೆಯಿಂದ ಅರ್ಧ ಮಾಡಿ."

ಎದುರಿಗೆ ಅಕ್ಕ ಕೂತಿದ್ದಳು. ಅವಳ ಪಕ್ಕೆಯ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ, ಏಳುವಾಗ ಒಂದು ಕೈ ಅಲ್ಲೇ ಒತ್ತಿ ಹಿಡಿಯುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಅರ್ಧ ಡೋಸ್ ಹೋಗಿ ತಟ್ಟುತ್ತಿದ್ದುದು ಅವಳು ಕೊಟ್ಟ ಕಿಡ್ನಿಗೇ. "ನಾನು ಮಾತ್ರೆ ನುಂಗಿ ರಕ್ತ ಕೊಟ್ಟೆ," ಅಂದೆ. ಗಂಟಲು ಕಟ್ಟಿತ್ತು.

ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ ಡಾಕ್ಟರೇ ಫೋನ್ ತಗೊಂಡರು. "ಒಳ್ಳೇದಾಯ್ತು ಹೇಳಿದ್ದು. ರಾತ್ರಿ ಡೋಸ್ ಎಂದಿನಂತೆ ತಗೊಳ್ಳಿ. ಬೆಳಿಗ್ಗೆ ಮಾತ್ರೆ ಮುಟ್ಟದೆ ಬನ್ನಿ. ಇದೇ ಲ್ಯಾಬಿಗೆ ಬನ್ನಿ." ಲ್ಯಾಬಿಂದ ಲ್ಯಾಬಿಗೆ ಅಳೆಯುವ ವಿಧಾನ ಬೇರೆ ಇರಬಹುದು. ಕೆಲವು ವಿಧಾನದಲ್ಲಿ ಔಷಧಿ ಒಡೆದ ಚೂರುಗಳೂ ಲೆಕ್ಕಕ್ಕೆ ಸಿಕ್ಕಿ ಅಂಕಿ ಸ್ವಲ್ಪ ಜಾಸ್ತಿ ಕಾಣುತ್ತೆ. ಅಂಥ ಎರಡನ್ನು ಹೋಲಿಸಿ ಡೋಸ್ ಬದಲಿಸುವ ಹಾಗಿಲ್ಲ.

ಮರುದಿನ ಅದೇ ಸಿಸ್ಟರ್. ಅವರು ಕೇಳುವ ಮೊದಲೇ ಡಬ್ಬಿ ತೆರೆದು ತೋರಿಸಿದೆ. ಅವರು ನಕ್ಕು, ಫಾರಂನಲ್ಲಿ 'ಕೊನೆಯ ಡೋಸ್' ಅಂತಿದ್ದ ಕಡೆ ಬರೆದರು: ರಾತ್ರಿ 8.10. ಪಕ್ಕದಲ್ಲಿ ರಕ್ತ ತೆಗೆದ ಹೊತ್ತು: ಬೆಳಿಗ್ಗೆ 8.05. ಹತ್ತಿ ಒತ್ತಿಕೊಂಡು ಅಲ್ಲೇ, ಅವರೆದುರಿಗೇ ಮಾತ್ರೆ ನುಂಗಿದೆ.

ಸಂಜೆ ಲೆವೆಲ್ ಬಂತು, 9.4. ಡೋಸ್ ಬದಲಾಗಲಿಲ್ಲ.